ಮೀನಿನ ಹೆಸರೆತ್ತದ ಗಡ್ಡಿ

…ಅಲ್ಲಬೇ ಶೈಲಾ, ಸುತ್ತಾಕಡಿ ನೀರು, ನಡುವ ಒಂಚೂರು ನೆಲ, ಅದರ ಮ್ಯಾಲ ಮೀನು ಹಿಡಿಯೋ ಮಂದಿ, ಇಷ್ಟು ಇದ್ರ ಅದು ದ್ವೀಪ ಅಂತ ನಿಮ್ಮ ಕಾಲೇಜಿನ ಸರ್ ಹೇಳಿದ್ದು ಖರೇ ಇದ್ರ, ನಾನೂ ಒಂದು ದ್ವೀಪದ ಮ್ಯಾಲ ನೌಕರಿ ಮಾಡೇನಿ. ನಗಬ್ಯಾಡ, ನೀವೆಲ್ಲಾರೂ ಕೇಳ್ರಿ. ನೀ ಟೂರಿಗೆ ಹೋಗಿ ಸಮುದ್ರದಾಗಿನ ದ್ವೀಪ ನೋಡಿ ಬಂದಿ, ಅಲ್ಲಿ ತೆಂಗಿನ ಗಿಡ ಇದ್ವು, ಬಿಳಿ ಉಸುಕಿತ್ತು, ಇತಿಹಾಸ ಹೇಳಾಕ ಒಬ್ಬ ಗೈಡ್ ಇದ್ದ. ನಮ್ಮದರಾಗ ಬೇವಿನ ಗಿಡ ಇತ್ತು, ಕರೀ ಕೆಸರಿತ್ತು, ಇತಿಹಾಸ ಹೇಳಾಕ ಹಣಮಂತ ಮುತ್ಯಾ ಇದ್ದ, ಯಾರೂ ಕೇಳದಿದ್ರೂ ಹೇಳ್ತಿದ್ದ. ಅಫಜಲಪುರ ತಾಲೂಕಿನ್ಯಾಗ ಭೀಮಾ ಹೊಳಿ ಒಂದು ಕಡೆ ಎರಡು ಸೀಳಾಗಿ ಹರದು ಮತ್ತ ಕೂಡ್ತದ ನೋಡು, ಆ ನಡುವಿನ ತುಂಡು. ಅದಕ್ಕ ಹೆಸರು ಸುದ್ದಾ ಇರಲಿಲ್ಲ. ಗಡ್ಡಿ ಅಂತಿದ್ರು. ಗಡ್ಡಿಗೆ ಹೋದ್ರು, ಗಡ್ಡಿಯಿಂದ ಬಂದ್ರು. ಅಷ್ಟೇ.

ಎಪ್ಪತ್ತೈದೋ ಆರೋ ಇಸ್ವಿ ಇರಬೇಕು. ನಾನು ಗುಲ್ಬರ್ಗಾದಾಗ ಬಿ.ಎ. ಮುಗಿಸಿ ಅಂದೋಲಾಕ್ಕ ಬಂದು ಮನ್ಯಾಗ ಕುಂತಿದ್ದೆ. ಬಿ.ಎ. ಆದಾಕಿ ಅಂತ ಓಣ್ಯಾಗ ಮಂದಿ ಮರ್ಯಾದಿ ಕೊಡ್ತಿದ್ರು, ಆದ್ರ ಮರ್ಯಾದಿ ಕೊಡೋದು ಬಿಟ್ಟು ನನ್ನ ಏನು ಮಾಡಬೇಕಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮಪ್ಪಗ ಮಾತ್ರ ಗೊತ್ತಿತ್ತು. ಕರಜಗಿಯಾಗ ಒಂದು ವರ ನೋಡಿಟ್ಟಿದ್ದ. ಕಬ್ಬಿನ ಹೊಲ ಇದ್ದ ಮನಿತನ. ಹುಡುಗ ನನ್ನ ನೋಡಾಕ ಬಂದಾಂವ ಬಂದಾಗಿಂದ ಹೋಗೋತನಕ ಪಂಪಸೆಟ್ಟಿನ ಸುದ್ದಿ ಹೇಳಿದ. ಕಂಪನಿ ಯಾವುದು, ನೀರು ಎಷ್ಟು ಎಳೀತದ, ಸಪ್ಪಳ ಎಲ್ಲಿ ತನಕ ಕೇಳಸ್ತದ. ನನ್ನ ಹೆಸರು ಕೇಳಲಿಲ್ಲ. ನಾ ಅಪ್ಪಗ ಅಂದೆ, ನಂಗ ನೌಕರಿ ಬೇಕು ಅಂತ. ಅಪ್ಪ ಕೆಟ್ಟ ಮನುಷ್ಯ ಅಲ್ಲ, ನ್ಯಾಯದ ಮನುಷ್ಯ. ಅಂದ್ರ ನ್ಯಾಯ ಎಲ್ಲಾ ತನ್ನ ಕಡೀನ ಇರೋ ಮನುಷ್ಯ. ಅಂವಾ ಅಂದ, “ನೋಡವಾ, ನೌಕರಿ ಖಾಯಂ ಆತು, ನೀ ಹೇಳಿದಾಂಗ. ಆಗಲಿಲ್ಲ, ನಾ ಹೇಳಿದಾಂಗ.” ನಾ ಹೂಂ ಅಂದೆ.

ಆಗ ಸಿಕ್ಕಿದ್ದು ಈ ಗಡ್ಡಿ ಸಾಲಿ. ಮೀನುಗಾರರ ಮಕ್ಕಳಿಗಂತ ತೆಗೆದಿದ್ರು, ತಾತ್ಕಾಲಿಕ. ಯಾರೋ ಒಬ್ಬ ಸಾಹೇಬ ಬಂದು ನೋಡಿ, ಹೌದು, ಇದು ಮೀನುಗಾರರ ವಸ್ತಿ ಅಂತ ಬರಕೊಂಡು ಹೋದ ಅಂದ್ರ ಸಾಲಿ ಖಾಯಂ, ಸಾಲಿ ಕೂಡ ನಾನೂ ಖಾಯಂ, ಗಡ್ಡಿ ಮಂದಿಗೂ ಒಂದು ಕಟಗಿ ನಾವಿ, ಅಂದ್ರ ದೋಣಿ. ಮೀನುಗಾರರಲ್ಲ ಅಂದ ಅಂದ್ರ ಸಾಲಿ ಬಂದ್, ನಾನು ಕರಜಗಿ. ನಂಗ ನಗು ಬಂತು ನೋಡ್ರಿ. ನಾಕೂ ಕಡಿ ಹೊಳಿ ಇದ್ದ ಊರಾಗ ಮೀನು ಹಿಡೀತಾರ ಅಂತ ತೋರ್ಸೋದು ಏನು ದೊಡ್ಡ ಮಾತು, ಇದರಾಗ ಫೇಲ್ ಆಗಬೇಕಂದ್ರೂ ಆಗಂಗಿಲ್ಲ ಅಂತ ತಿಳಕೊಂಡು ಟ್ರಂಕು, ಒಂದು ಚೀಲ ಜ್ವಾಳ, ಅರ್ಧ ಚೀಲ ತೊಗರಿ ಬ್ಯಾಳಿ ತಗೊಂಡು ಹರಗೋಲು ಹತ್ತಿದೆ. ಹರಗೋಲು ಅಂದ್ರ ಗೊತ್ತಲ್ಲ, ಬುಟ್ಟಿಯಾಂಗ ದುಂಡಗ ಇರ್ತದ, ಚರ್ಮ ಹೊದಿಸಿರ್ತಾರ, ಮುಂದ ಹೋಗೋಕಿಂತ ಸುತ್ತ ತಿರಗೋದ ಹೆಚ್ಚು. ಆ ದಂಡಿಗೆ ಮುಟ್ಟೋ ಹೊತ್ತಿಗೆ ನನ್ನ ತಲಿನೂ ತಿರಗಾಕತ್ತಿತ್ತು.

ಇಳದ ಕೂಡಲೇ ಹಣಮಂತ ಮುತ್ಯಾ ನನ್ನ ಹಣಿ ನೋಡಿದ. ಅಂವಾ ಗಡ್ಡಿಗೆ ಹಿರಿಯಾ, ಅಂವಾ ಹೂಂ ಅಂದ್ರ ಗಡ್ಡಿ ಹೂಂ ಅಂತಿತ್ತು. ನನ್ನ ಹಣಿ ಮ್ಯಾಲ ವಿಭೂತಿ, ಕೊಳ್ಳಾಗ ಶಿವದಾರ. ಅವನ ಮಾರಿ ಇಳೀತು.

“ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ನೀವು ಲಿಂಗವಂತರೇನ್ರಿ?”

“ಹೌದ್ರಿ ಮುತ್ಯಾ.”

“ಹಂಗಾರ ನೀವು… ಅದನ್ನ ತಿನ್ನಂಗಿಲ್ಲ.”

“ನಾ ತಿನ್ನಂಗಿಲ್ರಿ. ನೀವು ತಿನ್ರಿ, ನಂಗೇನ್ ತ್ರಾಸಿಲ್ಲ.”

ಅಂವಾ ಹಿಂದ ತಿರುಗಿ ಮಂದಿಗೆ ಅಂದ, “ಕೇಳಿದ್ರೇನು? ಎಷ್ಟು ದೊಡ್ಡ ಮನಸು ನೋಡ್ರಿ.” ಅಷ್ಟಕ್ಕ ಮುಗೀತು. ಬೇವಿನ ಗಿಡದ ಬುಡಕ ಮಂದಿ ಕುಂತ್ರು, ಕೂಡಿ ಎದ್ದ್ರು, ಠರಾವು ಆತು. ಇಷ್ಟು ದೊಡ್ಡ ಮನಸಿನ ಅಕ್ಕೋರು ಗಡ್ಡಿ ಮ್ಯಾಲ ಇರೋತನಕ ಯಾರೂ ಅದನ್ನ ಇಲ್ಲಿ ತರಂಗಿಲ್ಲ, ಅಡಗಿ ಮಾಡಂಗಿಲ್ಲ, ಒಣಗಿಸಂಗಿಲ್ಲ, ಬಾಯಿಲೆ ಹೆಸರು ಸುದ್ದಾ ಎತ್ತಂಗಿಲ್ಲ. ನಾ ಓಡಿ ಹೋಗಿ ಬ್ಯಾಡ್ರಿ ಯಪ್ಪಾ, ನಂಗ ವಾಸನಿ ಆಗಂಗಿಲ್ಲ ಅಂತೇನಿಲ್ಲ ಅಂದೆ. ನಾ ಹಂಗಂದದ್ದಕ್ಕ ಅವರ ಭಕ್ತಿ ಇನ್ನೂ ಹೆಚ್ಚಾತು. ಮೀನು ಹಿಡಿಯೋ ಬಲಿಗಳೂ ನನ್ನ ಕಣ್ಣಿಗೆ ಬೀಳಬಾರದು ಅಂತ ಹೊಸ ಠರಾವು. ಅವನ್ನೆಲ್ಲಾ ಹರಗೋಲಿನ್ಯಾಗ ಹೇರಿ ಆಚಿ ದಂಡಿಗೆ ಒಯ್ದು ಜಾಲಿ ಗಿಡಕ್ಕ ಹಾಕಿ ಬಂದ್ರು. ನಾ ಬಾಯಿ ಮುಚ್ಚಿದೆ. ಇನ್ನೊಂದು ಸಲ ಬ್ಯಾಡ ಅಂದಿದ್ರ ಹೊಳಿನೂ ಸರಸ್ತಿದ್ರೇನೋ.

ಅವತ್ತಿನಿಂದ ಗಡ್ಡಿ ಸಂಸಾರ ಆಚಿ ದಂಡಿಗೆ ಹೋತು. ನಸುಕಿನ್ಯಾಗ ಗಂಡಸರು ಹೋಗಿ ಅಲ್ಲೇ ಹಿಡಿಯೋದು, ಅಲ್ಲೇ ಮಾರೋದು. ಮಧ್ಯಾಹ್ನ ಹೆಂಗಸರು ಗಡಿಗಿ, ಮಸಾಲಿ, ಕೂಸು ಎಲ್ಲಾ ಹರಗೋಲಿನ್ಯಾಗ ಇಟಗೊಂಡು ಹೋಗಿ ಅಲ್ಲೇ ಒಲಿ ಹೂಡೋದು. ನನ್ನ ಸಾಲಿ ಹುಡುಗೋರು ಮಗ್ಗಿ ನಡುವ ಎದ್ದು ಹೋಗಿ ಉಂಡು ಬರೋವು. ಹುಡುಗೋರು ಹೋಗಲಿ, ಬೆಕ್ಕು ಸುದ್ದಾ. ಗಡ್ಡಿ ಬೆಕ್ಕುಗಳು ಹುಟ್ಟಿದಾಗಿಂದ ಅದರ ಮ್ಯಾಲ ಬೆಳೆದಾವು, ನನ್ನ ಬ್ಯಾಳಿ ಯಾವ ಬೆಕ್ಕು ತಿಂತದ? ಹರಗೋಲು ಬಿಡೋ ಹೊತ್ತಿಗೆ ಅವೂ ಬಂದು ದಂಡ್ಯಾಗ ಸಾಲಾಗಿ ಕೂಡೋವು, ಹತ್ತಿ ಹೋಗೋವು, ಮೀಸಿ ನೆಕ್ಕೋತ ವಾಪಸ್ ಬರೋವು. ಮಂದಿ ಉಂಡ ಮ್ಯಾಲ ಬಾಯಿ ಮುಕ್ಕಳಿಸಿ, ಬೇವಿನ ಎಲಿ ಅಗದು, ಹಣಿ ತುಂಬ ವಿಭೂತಿ ಬಡಕೊಂಡು ಬರೋರು. ನಮ್ಮ ಸೋದರಮಾವ ಜಿಡಗಾದಾಂವ, ದಿನಾ ಮಠಕ್ಕ ಹೋಗೋ ಮನುಷ್ಯ, ಅವನ ಹಣಿ ಮ್ಯಾಲೂ ನಾ ಅಷ್ಟು ವಿಭೂತಿ ನೋಡಿಲ್ಲ. ಹೊಸಬರು ಯಾರಾರ ನೋಡಿದ್ರ ಇದೇನೋ ಸ್ವಾಮಿಗಳ ಊರು ಅನ್ನಬೇಕು.

ನಾ ಇರ್ತಿದ್ದದ್ದು ಮಾಣಿಕಮ್ಮನ ಮನ್ಯಾಗ. ಗಂಡ ತೀರಿಕೊಂಡಾಕಿ, ಒಬ್ಬಾಕಿನ, ಕೈ ಭಾಳ ಛಲೋ ಅಂತ ಇಡೀ ಗಡ್ಡಿ ಅನ್ನೋದು. ಯಾವುದರಾಗ ಛಲೋ ಅಂತ ಮಾತ್ರ ಯಾರೂ ಹೇಳ್ತಿದ್ದಿಲ್ಲ. ನನಗಂತ ಬ್ಯಾಳಿ ಕುದಸ್ತಿದ್ಲು. ಅಗಲನ ಗಡಗ್ಯಾಗ ಬ್ಯಾಳಿ ಹಾಕಿ, ಹುಣಸಿಹುಳಿ ಹಿಂಡಿ, ಹುಟ್ಟು ಹಾಕಿ ತಿರುವ್ತಿದ್ದಿಲ್ಲ, ಗಡಗಿನ್ನ ಎರಡೂ ಕೈಲೆ ಹಿಡದು ಮೆತ್ತಗ ಅಲ್ಲಾಡಸ್ತಿದ್ಲು. ಯಾಕವಾ ತಿರುವಂಗಿಲ್ಲ ಅಂದ್ರ, “ಮುರೀತಾವ್ರಿ ಅಕ್ಕೋರ” ಅಂತಿದ್ಲು. ಬ್ಯಾಳಿ ಮುರೀತಾವ. ತುಂಡು ಕುದಿಸಿ ರೂಢಿ ಆದ ಕೈ ಅದು. ಮ್ಯಾಲ ಹುಳಿನೀರು, ತಳಕ್ಕ ಕಲ್ಲಿನಂಥ ಬ್ಯಾಳಿ, ನಾ ಅದನ್ನ ಉಂಡು ಉಂಡು ಅರ್ಧ ಆದೆ. ಆಕಿ ನಾ ಉಣ್ಣೋದನ್ನ ಎದುರಿಗೆ ಕುಂತು ನೋಡೋದು, ನಾ ಛಲೋ ಆಗ್ಯಾದ ಅಂದ ಮ್ಯಾಲ ಸೆರಗು ಸಿಕ್ಕಿಸಿಕೊಂಡು ಹರಗೋಲಿಗೆ ಓಡೋದು.

ಹಿಂಗ ನಡದಾಗ ಮಳಿಗಾಲ ಬಂತು. ಮ್ಯಾಲ ಎಲ್ಲೋ ಭರ್ಜರಿ ಮಳಿ ಆತು, ಹೊಳಿ ಏರ್ತು. ಇಲ್ಲಿ ಮಳಿ ಇಲ್ಲ, ಬಿಸಲು ಬಿದ್ದದ, ಹೊಳಿ ಮಾತ್ರ ಅಂಗಳಕ್ಕ ಬರಾಕತ್ತದ. ಹರಗೋಲು ಹಾಕಂಗಿಲ್ಲ, ಹಾಕಿದ್ರ ಸೀದಾ ಜೇವರ್ಗಿ ಕಡಿ ತೇಲಿ ಹೋಗಬೇಕು. ಅವರ ಒಲಿ, ಗಡಗಿ, ಕಾಳುಕಡಿ, ಬಲಿ ಎಲ್ಲಾ ಆಚಿ ದಂಡ್ಯಾಗ. ಈಚಿ ಕಡಿ ಇಡೀ ಗಡ್ಡಿಗೆ ಉಳದದ್ದು ನನ್ನ ಜ್ವಾಳದ ಚೀಲ ಒಂದು, ಬ್ಯಾಳಿ ಒಂದು. ಅಷ್ಟು ಮಂದಿಗೆ ಅದು ಎಷ್ಟರ ಮಾತು? ಚೀಲ ಝಾಡಿಸಿ ಅಂಬಲಿ ಮಾಡಿದ್ವಿ, ಅಂಬಲಿಗೆ ನೀರು ಹಾಕಿದ್ವಿ, ಆಮ್ಯಾಲ ಆ ನೀರಿಗೆ ಮತ್ತ ನೀರು ಹಾಕಿದ್ವಿ. ಬಾಣಂತಿ ಒಬ್ಬಾಕಿ ಇದ್ಲು, ಆಕಿಗೆ ಹಾಲು ಬತ್ತಿತು. ಹಸಿವಿ ಅಂದ್ರ ಏನಂತ ಅಲ್ಲಿ ಗೊತ್ತಾತು ನಂಗ, ಸುಳ್ಳು ಹೇಳಂಗಿಲ್ಲ, ಕಣ್ಣು ಮುಂದ ರೊಟ್ಟಿ ತಿರಗಾಡ್ತಾವ.

ಆದ್ರ ಕೇಳ್ರಿ ಮಜಾ. ಮಜಾ ಅಂದ್ರ ಈಗ ಮಜಾ, ಆಗ ಅಲ್ಲ. ಹೊಳಿ ಅಂಗಳಕ್ಕ ಬಂತು ಅಂದ್ನಲ್ಲ, ಬರೇ ನೀರು ಬರಲಿಲ್ಲ. ಮೀನು ಬಂದ್ವು. ಹೊಸ್ತಿಲಕ್ಕ ಬಡೀತಾವ, ಒಲಿ ಮುಂದ ಹಾರತಾವ, ಸಾಲ್ಯಾಗ ಮಕ್ಕಳು ಕೂಡೋ ಜಾಗಾದಾಗ ಸಾಲಾಗಿ ಈಸಾಡತಾವ. ಹಾಜರಿ ಹಾಕಬೇಕಂದ್ರ ಅವಕ್ಕ ಹಾಕಬೇಕು. ಹಸದು ಸಾಯಾಕತ್ತ ಮಂದಿ ಏನು ಮಾಡಿದ್ರು? ಒಂದೊಂದನ್ನ ಬೊಗಸ್ಯಾಗ ಹಿಡದು, ಕೈಮುಗದು, ಹೊಳಿಗೆ ವಾಪಸ್ ಬಿಟ್ಟ್ರು. ಬಿಡುವಾಗ ಮಾಣಿಕಮ್ಮನ ಕಣ್ಣಾಗ ನೀರು. ಬೆಕ್ಕುಗಳನ್ನ ಬುಟ್ಟಿ ಕೆಳಗ ಮುಚ್ಚಿಟ್ಟಿದ್ರು, ಅವು ಒಳಗ ಕುಂತು ಅಳ್ತಿದ್ವು. ನಾ ಹಣಮಂತ ಮುತ್ಯಾನ ಕಾಲಿಗೆ ಬೀಳೋದೊಂದು ಬಾಕಿ. ತಿನ್ರಿ ಮುತ್ಯಾ, ಮಕ್ಕಳ ಮಾರಿನಾರ ನೋಡ್ರಿ ಅಂದೆ.

ಅಂವಾ ಶಾಂತಾಗಿ ಅಂದ, “ನೀವು ಹಸಕೊಂಡು ಕುಂತೀರಿ. ನಿಮ್ಮ ಮುಂದ ನಾವು ಹೆಂಗ ಉಣ್ಣೋದ್ರಿ?”

ನೀರು ಇಳದಾವು ಅಂತ ಉಳದ್ವಿ. ಇನ್ನೊಂದೀಟು ನಿಂತಿದ್ರ ಭೀಮಾ ಹೊಳಿ ನಡುವ, ಮೀನಿನ ನಡುವ, ಮೀನುಗಾರರು ಉಪವಾಸ ಸತ್ತ್ರು ಅಂತ ಆಗ್ತಿತ್ತು. ಅದಕ್ಕ ಕಾರಣ ನಾನು, ಬಿ.ಎ.

ಹೊಳಿ ಇಳದು ಹರಗೋಲು ಶುರು ಆತು, ಮಂದಿ ಮತ್ತ ಆಚಿ ದಂಡಿಗೆ ಹೋಗಿ ಹೊಟ್ಟಿ ತುಂಬಿಸ್ಕೊಂಡು ಬರಾಕತ್ತ್ರು. ಅಷ್ಟರಾಗ ಸುದ್ದಿ ಬಂತು, ಸಾಹೇಬ ಬರ್ತಾನಂತ. ನಾ ಎಲ್ಲಾರನ್ನೂ ಕೂಡಿಸಿ ಹೇಳಿದೆ, ನೋಡ್ರಿ, ಅಂವಾ ಕಸುಬು ಕೇಳ್ತಾನ, ಮೀನು ಹಿಡಿಯೋದು ಅನ್ರಿ, ಬಲಿ ತೋರ್ಸ್ರಿ, ಅಂದ್ರನೇ ಸಾಲಿ ಉಳೀತದ, ನಾನೂ ಉಳೀತೇನಿ, ಇಲ್ಲಂದ್ರ ನಮ್ಮಪ್ಪ ನನ್ನ ಕರಜಗಿಗೆ ಕೊಡ್ತಾನ. ಎಲ್ಲಾರೂ ಹೌದ್ರಿ ಅಕ್ಕೋರ, ಆಗಲ್ರಿ ಅಕ್ಕೋರ ಅಂತ ಗೋಣು ಹಾಕಿದ್ರು. ಅವರು ಗೋಣು ಹಾಕೋದು ಮರ್ಯಾದಿಗೆ ಅಂತ ನಂಗ ಆಗ ತಿಳೀಬೇಕಾಗಿತ್ತು.

ಸಾಹೇಬ ಮೈಸೂರು ಕಡಿಯಾಂವ. ಪ್ಯಾಂಟು ಮೊಣಕಾಲತನಕ ಮಡಚಿಕೊಂಡು, ಬೂಟು ಎದಿಗೆ ಅಪ್ಪಿಕೊಂಡು ಹರಗೋಲಿನಿಂದ ಇಳದ. ಅಂವಾ ಬರಕೊಳ್ಳೋದು ಮೂರು ಇತ್ತಂತ, ಊರಿನ ಇತಿಹಾಸ, ನೋಡೋವಂಥ ಜಾಗ, ಜನರ ಕಸುಬು. ಇತಿಹಾಸ ಅಂದ ಕೂಡಲೇ ಹಣಮಂತ ಮುತ್ಯಾ ಟವೆಲ್ ಝಾಡಿಸಿ ಮುಂದ ಬಂದ. ನಿಜಾಮ ಸರಕಾರದಾಗ ಒಬ್ಬ ಸಾಹೇಬ ಹಿಂಗೇ ಬಂದಿದ್ದಂತ, ಹೊಳಿ ಏರಿ ಮಳಿಗಾಲ ಪೂರಾ ಇಲ್ಲೇ ಉಳದನಂತ, ಹೋಗುವಾಗ ಅಳಕೋತ ಹೋದನಂತ.

“ಯಾಕೆ ಅತ್ತರು?” ಸಾಹೇಬ ಕೇಳಿದ.

“ಇಲ್ಲಿ ಊಟ ಬಿಟ್ಟು ಹೋಗಾಕ ಮನಸಾಗಲಿಲ್ಲಂತ್ರಿ.”

“ಏನು ಊಟ?”

ಮುತ್ಯಾ ನನ್ನ ಮಾರಿ ನೋಡಿದ. ಬಾಯಿಗೆ ಬಂದ ಹೆಸರು ನುಂಗಿಕೊಂಡ. “ಪುಂಡಿಪಲ್ಯಾರೀ,” ಅಂದ.

ಸಾಹೇಬ ಬರಕೊಂಡ. ನೋಡೋವಂಥಾದ್ದು ಏನದ ಅಂತ ಕೇಳಿದ. ಆ ನಿಜಾಮ ಸಾಹೇಬ ಕುಂತು ಅತ್ತ ಕಲ್ಲು ತೋರಿಸಿದ್ರು. ಬೇವಿನ ಗಿಡ ತೋರಿಸಿದ್ರು, ಅದನ್ನ ಎರಡು ಕಡಿಯಿಂದ ತೋರಿಸಿದ್ರು, ಎರಡು ಗಿಡ ಆಗಲಿ ಅಂತ. ಮತ್ತೇನದ ಅಂದ. ಮಂದಿ ಮಾರಿ ಮಾರಿ ನೋಡಿಕೊಂಡ್ರು. ಆಮ್ಯಾಲ ಮುತ್ಯಾ ಅಂದ, “ನಮ್ಮ ಅಕ್ಕೋರು ಅದಾರಲ್ರಿ. ಬಿ.ಎ. ಆಗ್ಯಾರ. ದಂಡಿ ಊರಿನ ಮಂದಿ ಬಂದು ನೋಡಿಕೊಂಡು ಹೋಗ್ತಾರ.” ಸಾಹೇಬ ನನ್ನೂ ಬರಕೊಂಡ, ಗಿಡದ ಕೆಳಗ.

ಕಡೀಗೆ ಕಸುಬು. ಸಾಹೇಬ ಮೀನು ಹಿಡಿಯೋದು ತಾನೇ ಅಂದ. ಮುತ್ಯಾ ನೆಲ ನೋಡಿದ, ಆಕಾಶ ನೋಡಿದ, ನನ್ನ ಕೊಳ್ಳಾಗಿನ ಶಿವದಾರ ನೋಡಿದ. ಏನೂ ಕಸುಬಿಲ್ಲ, ಸುಮ್ಕ ಕುಂತಿರ್ತೀವಿ ಅಂದ. ಬಲೆ ಎಲ್ಲಿ ಅಂದ್ರ, ಬಲಿ ಯಾಕ ಬೇಕ್ರಿ ಅಂದ. ಈ ಹೊಳೇಲಿ ಮೀನೇ ಇಲ್ವಾ ಅಂದ್ರ, ನೋಡೇ ಇಲ್ಲ ಅಂದ, ಒಂದು ಸಲ ಅಜ್ಜನ ಕಾಲದಾಗ ಯಾರೋ ನೋಡಿದ್ರಂತ, ಖಾತ್ರಿ ಇಲ್ಲಂತ. ಆಚಿ ದಂಡ್ಯಾಗ ಹೆಂಗಸರು ಒಲಿ ಹಚ್ಚಿದ್ರು, ಹೊಗಿ ಏಳಾಕತ್ತಿತ್ತು, ಗಾಳಿಗೆ ವಾಸನಿ ಈ ಕಡಿ ಬಂತು. ಸಾಹೇಬನ ಮೂಗು ಆ ಕಡಿ ತಿರಗಿತು, ಅಲ್ಲೇನು ಹೊಗೆ ಅಂದ. ಮಟಮಟ ಮಧ್ಯಾಹ್ನ, ಮುತ್ಯಾ ಮಂಜು ಅಂದ.

ನಾ ತಡೀಲಾರದ ನಡುವ ಬಾಯಿ ಹಾಕಿದೆ, ಸಾಹೇಬ್ರ, ಇವರು ಮೀನುಗಾರರೇ ರೀ, ಹೊಳ್ಯಾಗ ಹುಟ್ಟಿ ಹೊಳ್ಯಾಗ ಬೆಳದಾವರು ಅಂತ. ಮುತ್ಯಾ ಕಣ್ಣಾಗ ನೀರು ತಂದುಕೊಂಡ. “ನೋಡ್ರಿ ಸಾಹೇಬ್ರ, ಎಷ್ಟು ದೊಡ್ಡ ಮನಸು. ನಮ್ಮ ಸಲುವಾಗಿ ಸುಳ್ಳು ಹೇಳಾಕತ್ತಾರ.”

ಸಾಹೇಬ ನನ್ನ ಮಾರಿ ನೋಡಿದ. “ನೌಕರಿ ಉಳಿಸಿಕೊಳ್ಳೋದಕ್ಕೆ ಹೀಗೆಲ್ಲಾ ಹೇಳಬಾರದಮ್ಮ,” ಅಂದ. ಪೆನ್ನಿನ ಟೊಪ್ಪಗಿ ಹಾಕಿ ಕಿಸೆಗೆ ಇಟ್ಟ. ಇದು ಮೀನುಗಾರರ ವಸ್ತಿ ಅಲ್ಲ, ಸಾಲಿ ಬಂದ್ ಮಾಡಬೇಕಾಗ್ತದ ಅಂತ ಹೇಳಿ ಬೂಟು ಅಪ್ಪಿಕೊಂಡು ಹರಗೋಲಿನ ಕಡಿ ಹೊಂಟ.

ನಂಗ ಕಿವ್ಯಾಗ ಪಂಪಸೆಟ್ಟಿನ ಸಪ್ಪಳ ಕೇಳಾಕತ್ತಿತು. ಖರೇ ಹೇಳ್ತೇನಿ, ಅಲ್ಲಿಂದ ಕರಜಗಿ ಎಲ್ಲಿ, ಆದ್ರೂ ಕೇಳಿಸ್ತು. ಇವರು ಹಿಡಿಯಂಗಿಲ್ಲ ಅಂದ್ರ ನಾನೇ ಒಂದು ಹಿಡದು ಇವನ ಮುಂದ ಇಡ್ತೇನಿ ಅಂತ ಸೀರಿ ಕಚ್ಚಿ ಹಾಕಿ ಹೊಳಿಗೆ ಇಳದೆ. ಮೀನು ಹಿಡಿಯೋದು ಹೆಂಗ ಅಂತ ನಂಗೇನು ಗೊತ್ತು, ನಾ ಅಂದೋಲಾದ ಬಾವಿ ನೀರು ಕುಡದಾಕಿ. ಎರಡೂ ಕೈ ನೀರಾಗ ಹಾಕಿ ತಡಕ್ಯಾಡಾಕತ್ತೆ. ಕಾಲ ಕೆಳಗ ಕೆಸರು ಜಾರ್ತು, ಅಷ್ಟೇ ನೆನಪು. ಆಮ್ಯಾಲ ಮ್ಯಾಲ ನೀರು, ಕೆಳಗ ನೀರು, ಬಾಯಾಗ ಭೀಮಾ.

ಆಚಿ ದಂಡ್ಯಾಗ ಉಣ್ಣಾಕ ಕುಂತಿದ್ದ ಗಂಡಸರು ನೋಡಿದ್ರಂತ. ಗಂಗಾಳ ಬಿಟ್ಟು ಎದ್ದ್ರು. ಅಕ್ಕೋರು ಮುಳಗಾಕತ್ತಾರ ಅಂದ್ರ ಠರಾವು ಯಾರಿಗೆ ನೆನಪಿರ್ತದ? ಜಾಲಿ ಗಿಡದಾಗಿನ ಬಲಿ ಕಿತ್ತುಕೊಂಡು ಹರಗೋಲಿಗೆ ಹಾರಿದ್ರು. ಅವರು ಬಲಿ ಬೀಸಿದ್ದನ್ನ ಸಾಹೇಬ ಆಮ್ಯಾಲ ವರ್ಣಿಸಿ ಹೇಳಿದ, ಆಕಾಶದಾಗ ರಂಗೋಲಿ ಬಿಟ್ಟಾಂಗ ಬಿಚ್ಚಿಕೊಂಡು ಬಂದು ಬರೋಬ್ಬರಿ ನನ್ನ ತಲಿ ಮ್ಯಾಲ ಬಿತ್ತಂತ. ಎಳದ್ರು. ದಂಡಿಗೆ ತಂದು ಸಾಹೇಬನ ಕಾಲ ಮುಂದ ಒಗದ್ರು. ಬಲ್ಯಾಗ ನಾನು, ಮತ್ತ ನನ್ನ ಮ್ಯಾಲ, ಕೆಳಗ, ಮಡಿಲಾಗ, ಎಲ್ಲಾ ಕಡಿ ಮೀನು. ಒಂದು ದೊಡ್ಡದು ಬಾಲದಿಂದ ನನ್ನ ಗಲ್ಲಕ್ಕ ಪಟ ಪಟ ಹೊಡಿಯಾಕತ್ತಿತ್ತು.

“ಏನಿದು?” ಸಾಹೇಬ ಕೇಳಿದ.

“ಅಕ್ಕೋರ್ರಿ,” ಮುತ್ಯಾ ಅಂದ.

“ಅದು ಕಾಣುತ್ತೆ. ಅವರ ಜೊತೆಗೆ ಏನಿದೆ?”

ಮುತ್ಯಾ ಬಗ್ಗಿ ನೋಡಿದ, ಭಾಳ ಹೊತ್ತು ನೋಡಿದ. “ಬ್ಯಾರೆ ಏನೂ ಕಾಣವಲ್ದ್ರಿ. ವಯಸ್ಸಾಗ್ಯಾದ, ಕಣ್ಣು ಹೋಗ್ಯಾವ.”

ನಾ ಬಾಯಾಗಿನ ನೀರು ಉಗಳಿ ಅಂದೆ, “ಮುತ್ಯಾ, ನನ್ನ ಮಡಿಲಾಗಿಂದು ಏನಂತ ಹೇಳ್ರಿ. ಹೇಳಲಿಲ್ಲ ಅಂದ್ರ ನಾ ಈ ಬಲ್ಯಾಗಿಂದ ಹೊರಗ ಬರಂಗಿಲ್ಲ, ಇಲ್ಲೇ ಇರ್ತೇನಿ, ಇವುಗಳ ಕೂಡ.”

ಅಂವಾ ನನ್ನ ನೋಡಿದ. ನಾ ಅವನ್ನ ನೋಡಿದೆ. ಅಂವಾ ಕೈ ಮುಗದ, ನಂಗೋ, ಹೊಳಿಗೋ, ಆ ದೊಡ್ಡ ಮೀನಿಗೋ ಗೊತ್ತಿಲ್ಲ.

“ಮೀನ್ರಿ ಅಕ್ಕೋರ,” ಅಂದ.

ಅಷ್ಟಂದದ್ದೇ ತಡ, ಕಟ್ಟೆ ಒಡದಾಂಗ ಆತು. ಇದು ಬಾಳಿಮೀನ್ರಿ, ಅದು ಕೊರವ, ಇದು ಹುಳಿಗೆ ಛಲೋ, ಅದು ಒಣಗಿಸಾಕ ಛಲೋ, ಇದು ಬಾಣಂತಿಗೆ ಅಂತ ಎಲ್ಲಾರೂ ಒಮ್ಮೆಲೆ ಶುರು ಮಾಡಿದ್ರು. ಎಷ್ಟು ತಿಂಗಳ ಮಾತು ಹೊಟ್ಟ್ಯಾಗ ಇಟಗೊಂಡಿದ್ರು ಪಾಪ. ಬಲಿ ಹೆಂಗ ಹೆಣೀಬೇಕು, ಯಾವ ಮಡುವಿನ್ಯಾಗ ಯಾವುದು ಸಿಗ್ತದ, ಸಾಹೇಬ ಕೆಸರಿನ್ಯಾಗೇ ಕುಂತು ಬರದ, ಬರದ, ಹಾಳಿ ಮುಗದು ಅಂಗೈ ಮ್ಯಾಲೂ ಬರಕೊಂಡ. ನಾ ಬಲ್ಯಾಗೇ ಇದ್ದೆ. ನನ್ನ ಬಿಡಿಸಬೇಕಂತ ಯಾರಿಗೂ ನೆನಪಾಗಲಿಲ್ಲ.

ಸಾಲಿ ಖಾಯಂ ಆತು, ನಾನೂ ಆದೆ. ನಾವಿನೂ ಬಂತು, ತಡಾಗಿ ಬಂತು, ಬಂದಾಗ ಹುಟ್ಟು ಇರಲಿಲ್ಲ, ಅದು ಬ್ಯಾರೆ ಮಾತು. ಅಪ್ಪ ಮಾತಿಗೆ ನಿಂತ. ನಿಲ್ಲದಿದ್ರೂ ನಡೀತಿತ್ತು, ಯಾಕಂದ್ರ ಬಲ್ಯಾಗ ಸಿಕ್ಕ ಹುಡುಗಿ ನಮಗ ಬ್ಯಾಡ ಅಂತ ಕರಜಗಿಯವರೇ ಹೇಳಿ ಕಳಿಸಿದ್ರು. ಆದ್ರ ನಾ ಹೇಳಬೇಕಂದದ್ದು ಅದಲ್ಲ, ಅವತ್ತಿನ ಮಧ್ಯಾಹ್ನದ್ದು. ಸಾಹೇಬ ಹೋದ ಮ್ಯಾಲ ನಾ ಸೀರಿ ಬದಲಿಸಿ ಬಂದ್ರ, ಆ ಮಂದಿ ಬಲ್ಯಾಗಿನ ಮೀನು ಬುಟ್ಟಿಗೆ ತುಂಬಿ ಮತ್ತ ಹರಗೋಲಿಗೆ ಹೊಂಟಾರ. ಅಲ್ರಿ, ಈಗ ಎಲ್ಲಾ ಬಯಲಾತಲ್ಲ, ಇಲ್ಲೇ ಮಾಡ್ರಿ ಅಂದೆ. ಹೌದ್ರಿ ಅಕ್ಕೋರ ಅಂತ ಗೋಣು ಹಾಕಿದ್ರು, ಹರಗೋಲು ಹತ್ತಿದ್ರು. ನಾ ಮಾಣಿಕಮ್ಮನ ಮನೀಗೆ ಹೋಗಿ ನನ್ನ ಗಂಗಾಳದಾಗ ಎರಡು ರೊಟ್ಟಿ, ಆಕಿ ಮಾಡಿದ ಕಲ್ಲುಬ್ಯಾಳಿ ಹಾಕಿಕೊಂಡು ಬಂದು ಅದೇ ಹರಗೋಲಿನ್ಯಾಗ ಬೆಕ್ಕುಗಳ ನಡುವ ಕುಂತೆ. ಆಚಿ ದಂಡಿಗೆ ಹೋದೆ. ಒಲಿ ಮಗ್ಗಲಾಗ ಪಂಕ್ತ್ಯಾಗ ಕುಂತೆ, ಈ ಕಡಿ ಮುತ್ಯಾ, ಆ ಕಡಿ ಮಾಣಿಕಮ್ಮ. ಅವರ ಗಂಗಾಳದಾಗ ಅವರದು, ನನ್ನ ಗಂಗಾಳದಾಗ ನನ್ನದು. ಮೊದಲ ತುತ್ತು ಯಾರೂ ಎತ್ತಲಿಲ್ಲ. ನಾ ಎತ್ತಿದೆ, ಅಗದೆ, ನುಂಗಿದೆ, ಅವರ ಕಡಿ ನೋಡಿದೆ. ಆಮ್ಯಾಲ ಮಾಣಿಕಮ್ಮ ಎತ್ತಿದ್ಲು. ಮರುದಿನ ಆಕಿ ಮೀನಿನ ಒಲಿ ಗಡ್ಡಿ ಮ್ಯಾಲೇ ಹೊತ್ತಿತು.

ಯಾರಾರ ನಿಮ್ಮ ಸಲುವಾಗಿ ಏನಾರ ಬಿಟ್ಟು ಕುಂತ್ರ, ಬಿಡಬ್ಯಾಡ್ರಿ ಅಂತ ನಿಂತಲ್ಲೇ ನಿಂತು ಹೇಳಿದ್ರ ಆಗಂಗಿಲ್ಲ. ನಿಮ್ಮ ಗಂಗಾಳ ತಗೊಂಡು ಹೋಗಿ ಅವರ ಮಗ್ಗಲಾಗ ಕುಂದರಬೇಕು. ಏಳ್ರಿ ಈಗ, ಒಳಗ ಸಾರು ಆರಾಕತ್ತದ.